ಶಾಸ್ತ್ರೀಯ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡೋದು?

ಮೆಟ್ರೊದಲ್ಲಿ ಆಫೀಸಿಗೆ ಹೋಗುವಾಗ ಕರ್ನಾಟಕ ಸಂಗೀತ ಹಾಕಿಕೊಳ್ಳುತ್ತೇನೆ, ಆಲಾಪನೆ (ಸಾಹಿತ್ಯವಿಲ್ಲದೆ ರಾಗ ಬೆಳೆಸುವುದು) ಶುರುವಾದರೆ ಮನಸ್ಸು ಎಲ್ಲೋ ಹೋಗುತ್ತದೆ, ಮೊದಲು ರಾಗ ಕಲೀಬೇಕಾ ಅಂತ ಕೇಳಿದ್ದೀರಿ. ಬೇಡ. 72 ಮೇಳಕರ್ತ (ಮೂಲ) ರಾಗಗಳ ಪಟ್ಟಿ ಇಳಿಸಿಕೊಂಡಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಮೂರು ಗಂಟೆಯ ಸಂಗೀತ ಕಚೇರಿಯೂ ಈಗಲೇ ಬೇಡ. ಒಂದೇ ಹಾಡನ್ನು ಬಾಯಿಗೆ ಬರುವ ತನಕ ಕೇಳಿ.

ಕನ್ನಡದವರಿಗೆ ದೇವರನಾಮದ ಅನುಕೂಲ ಇದೆ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಪುರಂದರದಾಸರ 'ಜಗದೋದ್ಧಾರನ' ಹಾಕಿ. ರಾಗ ಕಾಪಿ. ಮಾತು ಮೊದಲೇ ಅರ್ಥವಾಗುವುದರಿಂದ ಕಿವಿ ನೇರವಾಗಿ ಸ್ವರದ ಕಡೆ ಹೋಗುತ್ತದೆ. ಕಚೇರಿಯಲ್ಲಿ ಇವು ಕೊನೆಗೆ ಬರುತ್ತವೆ. 'ತುಕ್ಕಡಾ' (ತುಣುಕು ಹಾಡು) ಅಂತ ಮೂಗು ಮುರಿಯುವವರು ಸಿಗುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಆಮೇಲೆ ಮುತ್ತುಸ್ವಾಮಿ ದೀಕ್ಷಿತರ 'ವಾತಾಪಿ ಗಣಪತಿಂ'. ಇಲ್ಲಿ ಸ್ವಲ್ಪ ನಿಂತು ಕೇಳಬೇಕು. ಪಲ್ಲವಿಯ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ ಅಲ್ವಾ? ಸುಮ್ನೆ ಹಾಡುವುದಲ್ಲ. ಮೊದಲ ಸಲ ಸರಳವಾಗಿರುತ್ತದೆ, ಮುಂದಿನ ಸಲ ಕೊನೆಯಲ್ಲಿ ಒಂದು ತಿರುವು ಸೇರುತ್ತದೆ, ಹಾಗೇ ಬೆಳೆಯುತ್ತಾ ಹೋಗುತ್ತದೆ. ಇವಕ್ಕೆ ಸಂಗತಿ ಅಂತಾರೆ. ಈ ಸಲ ಏನು ಬದಲಾಯಿತು ಅಂತ ಗಮನಿಸುತ್ತಾ ಹೋದರೆ ಮನಸ್ಸು ಓಡುವುದಿಲ್ಲ. ಒಬ್ಬರದ್ದು ಚೆನ್ನಾಗಿ ಕೇಳಿದ ಮೇಲೆ ಅದನ್ನೇ ಇನ್ನೊಬ್ಬರ ದನಿಯಲ್ಲಿ ಕೇಳಿ. ಮಹಾರಾಜಪುರಂ ಸಂತಾನಂ, ನಮ್ಮ ಆರ್.ಕೆ. ಶ್ರೀಕಂಠನ್, ಯಾರಾದರೂ ಸರಿ.

ಇದರ ರಾಗ ಹಂಸಧ್ವನಿ: ಸ ರಿ ಗ ಪ ನಿ. ಪಕ್ಕದಲ್ಲೇ ಮೋಹನ ರಾಗ ಇಟ್ಟುಕೊಳ್ಳಿ: ಸ ರಿ ಗ ಪ ದ. ಇರುವ ವ್ಯತ್ಯಾಸ ಒಂದೇ ಸ್ವರ, ಆದರೆ ಭಾವ ಎಷ್ಟು ಬೇರೆ! ಮೋಹನಕ್ಕೆ 'ನಿನ್ನುಕೋರಿ' ವರ್ಣ (ಕಚೇರಿಯ ಶುರುವಿಗೆ ಹಾಡುವ ರಚನೆ) ಸಾಕು. ಈ ಎರಡನ್ನು ಬೇರೆ ಮಾಡಿ ಗುರುತಿಸಲು ಬಂದರೆ ಚಿಕ್ಕ ಆಲಾಪನೆ ಕೇಳಿ. ಈಗ ಅದು ಅಷ್ಟು ಬೇಸರ ತರಿಸುವುದಿಲ್ಲ, ಎತ್ತ ಹೋಗುತ್ತಿದೆ ಅಂತ ಅಂದಾಜು ಸಿಗುತ್ತದೆ.

ತಾಳಕ್ಕೆ ಆದಿತಾಳ ಒಂದೇ ಸಾಕು, ಎಂಟು ಎಣಿಕೆ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಹುಸಿ ಅಂದರೆ ಕೈ ಮಗುಚುವುದು). ಹಾಡು ಯಾವಾಗಲೂ ಮೊದಲ ಪೆಟ್ಟಿಗೇ ಶುರುವಾಗುವುದಿಲ್ಲ, ಗಾಬರಿಯಾಗಬೇಡಿ.

ಹಾಡುಗಾರಿಕೆ ಭಾರ ಅನ್ನಿಸಿದ ದಿನ ಲಾಲ್ಗುಡಿ ಜಯರಾಮನ್ ಪಿಟೀಲು, ದೊರೆಸ್ವಾಮಿ ಅಯ್ಯಂಗಾರ್ ವೀಣೆ. ಹಿಂದೂಸ್ತಾನಿಗೆ ಭೀಮಸೇನ ಜೋಶಿಯವರ ದಾಸವಾಣಿ (ದಾಸರ ಪದಗಳು), ನಂತರ ಅವರದೇ ಯಮನ್. ನಮ್ಮ ಕಲ್ಯಾಣಿಗೆ ಹತ್ತಿರದ ರಾಗ ಅದು. ಮಲ್ಲಿಕಾರ್ಜುನ ಮನ್ಸೂರ್ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟ, ಆದರೆ ಅವರು ಹಾಡುವ ಅಪರೂಪದ ಜೋಡು ರಾಗಗಳಿಂದ (ಎರಡು ರಾಗ ಬೆರೆತವು) ಶುರು ಮಾಡಬೇಡಿ.

ಇಯರ್‌ಫೋನಲ್ಲಿ ಮಾತ್ರ ಕೇಳಬೇಡಿ, ಎದುರಿಗೆ ಕೂತು ಕೇಳಿ. ಬೆಂಗಳೂರಲ್ಲಿ 1905ರಲ್ಲಿ ಶುರುವಾದ ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲೇ ಇದೆ. ಮಲ್ಲೇಶ್ವರದ ಕಡೆಯವರಾದರೆ ಸೇವಾಸದನ ಸಭಾಂಗಣ. ರಾಮನವಮಿ ಬಂದರೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತೋತ್ಸವದ ದೊಡ್ಡ ಪೆಂಡಾಲು ಇದ್ದೇ ಇದೆ. ಅದಕ್ಕಿಂತ ಮೊದಲು ನಿಮ್ಮ ಬಡಾವಣೆಯ ದೇವಸ್ಥಾನದ ಕಚೇರಿಗೆ ಹೋಗಿ ಬನ್ನಿ. ಪಾನಕ, ಕೋಸಂಬರಿಯೂ ಸಿಗುತ್ತದೆ, ಅರ್ಧಕ್ಕೆ ಎದ್ದರೆ ಯಾರೂ ಏನೂ ಅನ್ನುವುದಿಲ್ಲ. ತಾಳ ಹಾಕುವ ಹಿರಿಯರ ಹಿಂದೆ ಕೂತರೆ ಅವರ ಕೈ ನೋಡಿ ನೀವೂ ಹಾಕಬಹುದು. ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಬಂತು ಅಂತ ಕಾಫಿಗೆ ಮಾತ್ರ ಏಳಬೇಡಿ. ಇಡೀ ಸಂಜೆ ಪಕ್ಕವಾದ್ಯ ನುಡಿಸಿದ ಮೃದಂಗದವರಿಗೆ ಸಿಗುವ ಸಮಯ ಅದೊಂದೇ.

ನಿಮಗೆ ಗಂಡು ದನಿ ಹಿಡಿಸುತ್ತದಾ, ಹೆಣ್ಣು ದನಿಯಾ, ವಾದ್ಯವಾ ಅಂತ ಹೇಳಿ. ಅದಕ್ಕೆ ತಕ್ಕಂತೆ ಇನ್ನೂ ಕೆಲವು ಹೆಸರು ಕೊಡುತ್ತೇನೆ.