ಶಟ್‌ಡೌನ್ ಆದರೂ ಎಚ್-1ಬಿ ಎಕ್ಸ್‌ಟೆನ್ಷನ್‌ಗೆ ತೊಂದರೆ ಇಲ್ಲವೇ?

ಅಮೆರಿಕದ ವಲಸೆ ಅರ್ಜಿಗಳನ್ನು ನೋಡುವ ಯುಎಸ್‌ಸಿಐಎಸ್ ನಡೆಯೋದು ಅರ್ಜಿ ಶುಲ್ಕದಲ್ಲಿ, ಹಾಗಾಗಿ ಬಜೆಟ್ ಪಾಸಾಗದೆ ಸರ್ಕಾರಿ ಕಚೇರಿ ಮುಚ್ಚುವ ಶಟ್‌ಡೌನ್ ಆದರೂ ನಿಮ್ಮ ಎಚ್-1ಬಿ ಉದ್ಯೋಗ ವೀಸಾದ ಎಕ್ಸ್‌ಟೆನ್ಷನ್‌ಗೆ (ಅವಧಿ ವಿಸ್ತರಣೆಗೆ) ಭಯವಿಲ್ಲ ಅಂತ ಎಚ್‌ಆರ್‌ನವರು ಹೇಳಿದ್ದಾರೆ. ನನಗೂ ಇದೇ ಮಾತು ಹೇಳಿದ್ದರು. ಅರ್ಧ ಮಾತ್ರ ನಿಜ.

ಎಕ್ಸ್‌ಟೆನ್ಷನ್‌ಗೆ ಕಂಪನಿ ಯುಎಸ್‌ಸಿಐಎಸ್‌ಗೆ ಹಾಕುವ ಐ-129 ಅರ್ಜಿಯ ಜೊತೆ ಸರ್ಟಿಫೈ ಆದ ಎಲ್‌ಸಿಎ (ಸಂಬಳ, ಕೆಲಸದ ಜಾಗದ ಬಗ್ಗೆ ಕಂಪನಿಯ ಘೋಷಣೆ) ಇರಲೇಬೇಕು. ಅದನ್ನು ಸರ್ಟಿಫೈ ಮಾಡೋದು ಕಾರ್ಮಿಕ ಇಲಾಖೆ, ಆ ಇಲಾಖೆ ನಡೆಯೋದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಂಜೂರು ಮಾಡುವ ದುಡ್ಡಲ್ಲಿ. ಮಂಜೂರಾತಿ ಇಲ್ಲದಿದ್ದರೆ ಸಿಬ್ಬಂದಿ ಪುಕ್ಕಟೆ ಕೆಲಸ ಮಾಡ್ತೀವಿ ಅಂದರೂ ಕಾನೂನು ಬಿಡಲ್ಲ, ಪಾಪ. 2025ರ ಅಕ್ಟೋಬರ್ 1ರಂದು ಎಲ್‌ಸಿಎ ಸಲ್ಲಿಸುವ ಫ್ಲ್ಯಾಗ್ ಪೋರ್ಟಲ್ಲೇ ಮುಚ್ಚಿತು, ತೆರೆದದ್ದು ತಿಂಗಳ ಕೊನೆಗೆ. 2018-19ರಲ್ಲಿ 35 ದಿನ ಶಟ್‌ಡೌನ್ ಇದ್ದರೂ ಎಲ್‌ಸಿಎ ನಿಲ್ಲಲಿಲ್ಲ, ಯಾಕಂದ್ರೆ ಕಾರ್ಮಿಕ ಇಲಾಖೆಯ ಬಜೆಟ್ ಮಸೂದೆ ಮೊದಲೇ ಪಾಸಾಗಿತ್ತು. ಹಾಗಾಗಿ ಶಟ್‌ಡೌನ್ ಆಗುತ್ತಾ ಅನ್ನೋದಕ್ಕಿಂತ, ಆ ಒಂದು ಮಸೂದೆ ಏನಾಯ್ತು ನೋಡಿ.

ಜನ ಸಿಕ್ಕಿಬೀಳೋದು ಎಲ್‌ಸಿಎಯನ್ನು ಕೊನೇ ವಾರಕ್ಕೆ ಬಿಟ್ಟು. ಹೇಗಿದ್ದರೂ 7 ಕೆಲಸದ ದಿನದಲ್ಲಿ ಬರುತ್ತಲ್ಲ ಅನ್ನೋ ಧೈರ್ಯ. ಆದರೆ ಐ-94 (ದೇಶದಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನೋ ದಾಖಲೆ) ಮುಗಿಯುವ ಮುಂಚೆ ಐ-129 ತಲುಪಿದರಷ್ಟೇ, ತೀರ್ಮಾನ ಬಾಕಿಯಿದ್ದರೂ ಅದೇ ಕಂಪನಿಯಲ್ಲಿ 240 ದಿನ ಕೆಲಸ ಮಾಡಬಹುದು. ಒಂದು ದಿನ ತಪ್ಪಿದರೂ ಆ ರಕ್ಷಣೆ ಹೋಯಿತು, ಮಾರನೇ ದಿನದಿಂದ ಕೆಲಸ ನಿಲ್ಲಿಸಬೇಕು. ತಡವಾದ ಅರ್ಜಿಗೆ ಶಟ್‌ಡೌನ್ ಕಾರಣವನ್ನು ಪರಿಗಣಿಸ್ತಾರೆ ನಿಜ, ಆದರೆ ಅದು ಅಧಿಕಾರಿಯ ವಿವೇಚನೆ. ಅದನ್ನು ನಂಬಿ ಕೂರಬೇಡಿ. ಇನ್ನೊಂದು: ಲೆಕ್ಕಕ್ಕೆ ಬರೋದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ತಾರೀಖಲ್ಲ. ಊರಿಗೆ ಹೋಗಿ ಬಂದಿದ್ದರೆ ಸಿಬಿಪಿ (ಗಡಿ ತಪಾಸಣೆ ಇಲಾಖೆ) ಜಾಲತಾಣದಲ್ಲಿ ಐ-94 ತೆಗೆದು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದಲ್ಲಿ ಅದರ ತಾರೀಖಿಗೇ ಐ-94 ಕತ್ತರಿಸಿರುತ್ತಾರೆ.

ಎಲ್‌ಸಿಎಯನ್ನೂ ಐ-129ಅನ್ನೂ 6 ತಿಂಗಳು ಮುಂಚೆಯೇ ಹಾಕಬಹುದು. ನಿಮ್ಮ ಐ-94 ನವೆಂಬರಿನಲ್ಲಿ ಮುಗಿಯೋದಾದರೆ ಸೆಪ್ಟೆಂಬರ್ ಮಧ್ಯದೊಳಗೆ ಎಲ್‌ಸಿಎ ಕೈಯಲ್ಲಿರಲಿ. ಐ-129 ಬೇಗ ತೀರ್ಮಾನವಾಗಲಿ ಅಂತ ಯುಎಸ್‌ಸಿಐಎಸ್‌ಗೆ ಪ್ರೀಮಿಯಂ ಪ್ರೊಸೆಸಿಂಗ್ ದುಡ್ಡು ಕಟ್ಟಿದರೆ ಎಲ್‌ಸಿಎ ಬೇಗ ಬರಲ್ಲ. ಅದು ಬೇರೆ ಇಲಾಖೆ. ಪೋರ್ಟಲ್ ಮುಚ್ಚಿದ್ದಾಗ ಬೇರೆ ಊರಿಗೆ ಮನೆ ಬದಲಿಸಿ ಅಲ್ಲಿಂದ ಕೆಲಸ ಶುರುಮಾಡಬೇಡಿ, ಅದಕ್ಕೂ ಹೊಸ ಎಲ್‌ಸಿಎ ಬೇಕು.

ಅದೇ ಹೊತ್ತಿಗೆ ಕೆಲಸ ಹೋದರೆ ಇನ್ನೂ ಕಷ್ಟ. ಹೊಸ ಕಂಪನಿ ಸಿಕ್ಕರೂ ಎಲ್‌ಸಿಎ ಇಲ್ಲದೆ ಅವರು ಅರ್ಜಿ ಹಾಕಲಾರರು, ಕೆಲಸ ಹೋದ ಮೇಲೆ ಅಲ್ಲಿರಲು ಸಿಗುವ ಹೆಚ್ಚೆಂದರೆ 60 ದಿನದ ಗಡುವು ಮಾತ್ರ ಓಡುತ್ತಲೇ ಇರುತ್ತೆ. ಅದು ಮುಗಿಯೋದರೊಳಗೆ ಐ-539 ಅರ್ಜಿ ಹಾಕಿ ಬಿ-2ಗೆ (ಪ್ರವಾಸಿಯಾಗಿ ಇರುವ ಸ್ಥಿತಿಗೆ) ಬದಲಾವಣೆ ಕೇಳಿ. ಅದಕ್ಕೆ ಎಲ್‌ಸಿಎ ಬೇಡ. ಕೆಲಸ ಮಾಡೋ ಹಾಗಿಲ್ಲ, ಅಷ್ಟೇ.