ಬೀರು ಖಾಲಿ ಮಾಡುವ ಮುನ್ನ

ಪತ್ರ: ನಮ್ಮ ತಾಲೂಕು ಕೇಂದ್ರದ ಶಾಖಾ ಗ್ರಂಥಾಲಯದಲ್ಲಿ ‘ಸ್ಥಳೀಯ’ ಎಂದು ಚೀಟಿ ಅಂಟಿಸಿದ ಎರಡು ಕಬ್ಬಿಣದ ಬೀರುಗಳಿವೆ. ಊರಿನ ಹಳೆಯ ವಾರಪತ್ರಿಕೆ, ಜಾತ್ರೆಯ ಸ್ಮರಣ ಸಂಚಿಕೆ, ಹೈಸ್ಕೂಲಿನ ಗ್ರೂಪ್ ಫೋಟೊ, ನಾಟಕದ ಹ್ಯಾಂಡ್‌ಬಿಲ್, ಒಂದು ಕಟ್ಟು ಓಲೆಗರಿ ಅದರಲ್ಲಿವೆ. ಯಾರೂ ತೆಗೆದು ನೋಡುವುದಿಲ್ಲ. ಪರೀಕ್ಷೆಗೆ ಓದುವ ಹುಡುಗರು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂರುತ್ತಾರೆ. ಪುಸ್ತಕ ಇರುವುದು ಬಳಕೆಗೆ ಎಂದು ಗ್ರಂಥಾಲಯ ಶಾಸ್ತ್ರಜ್ಞ ರಂಗನಾಥನ್ ಅವರೇ ಹೇಳಿಲ್ಲವೆ? ಎಲ್ಲವನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಒಳ್ಳೆಯದನ್ನು ಬೆಂಗಳೂರಿಗೆ ಕಳಿಸಿ, ಉಳಿದದ್ದನ್ನು ರದ್ದಿಗೆ ಹಾಕಿದರೆ ತಪ್ಪೇನು? — ನಿವೃತ್ತ ಉಪಾಧ್ಯಾಯರು (ಹೆಸರು, ಊರು ಬೇಡವೆಂದಿದ್ದಾರೆ)

ಉತ್ತರ: ಮೇಷ್ಟ್ರೇ, ಪಿಡಿಒ, ಎಫ್‌ಡಿಎ ಎಂದು ವರ್ಷಗಟ್ಟಲೆ ಓದುವ ಹುಡುಗರಿಗೆ ಫ್ಯಾನಿನ ಕೆಳಗೊಂದು ಕುರ್ಚಿ ಸಿಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಬೀರು ಎತ್ತಿದರೆ ಎಷ್ಟು ಕುರ್ಚಿ ಹಿಡಿಸುತ್ತವೆ? ನಾಲ್ಕು. ನಾಲ್ಕು ಕುರ್ಚಿಗಾಗಿ ಇಡೀ ಊರನ್ನು ತೂಕಕ್ಕೆ ಹಾಕುವ ಲೆಕ್ಕ ನನಗೆ ಹಿಡಿಸಲಿಲ್ಲ. ರಂಗನಾಥನ್ 1931ರಲ್ಲಿ ಬರೆದದ್ದು ಐದು ಸೂತ್ರ. ನೀವು ಹೇಳಿದ ಮೊದಲನೆಯದನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎಂಬ ಮೂರನೆಯದನ್ನು ರದ್ದಿ ವ್ಯಾಪಾರಿ ಬಾಗಿಲಿಗೆ ಬಂದಾಗಲಾದರೂ ನೆನೆಯಬೇಡವೆ?

‘ಒಳ್ಳೆಯದನ್ನು ಬೆಂಗಳೂರಿಗೆ’ ಎಂದಿರಿ. ನಿಮ್ಮ ಗ್ರೂಪ್ ಫೋಟೊವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕಪಾಟಿನಲ್ಲಿ ಅದು ಮೂರು ಸಾಲು ಅಪರಿಚಿತ ಹುಡುಗರು. ನಿಮ್ಮೂರಿನ ಪೇಪರ್ ಮೇಜಿನ ಮೇಲೆ ಇಟ್ಟರೆ, ಬೆಳಿಗ್ಗೆ ಪತ್ರಿಕೆ ಓದಲು ಬರುವ ಯಾರಾದರೂ ಹಿರಿಯರು ‘ಎಡಗಡೆಯಿಂದ ಮೂರನೆಯವನು ನಮ್ಮ ಭಾವ, ಕೂತವರು ಡ್ರಾಯಿಂಗ್ ಮೇಷ್ಟ್ರು’ ಎನ್ನುತ್ತಾರೆ. ಆ ತಿಳಿವಳಿಕೆ ಊರು ಬಿಟ್ಟು ಬರುವುದಿಲ್ಲ, ಹಿರಿಯರು ಹೋದರೆ ಊರಿನಲ್ಲೂ ಉಳಿಯುವುದಿಲ್ಲ. ಹೆಸರುಗಳನ್ನು ಫೋಟೊದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂಭಾಗದಲ್ಲಿ ಉಬ್ಬುತ್ತದೆ, ಅದರ ಶಾಯಿ ಪಕ್ಕದ ಫೋಟೊಗೆ ಹತ್ತುತ್ತದೆ.

ಸ್ಮರಣ ಸಂಚಿಕೆಯ ಕಥೆಯೂ ಇಷ್ಟೇ. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಚೆನ್ನೈ, ಮುಂಬೈ, ದೆಹಲಿಗೂ ಒಂದೊಂದು. ಜಾತ್ರಾ ಸಮಿತಿಯವರು ಕೋಲ್ಕತ್ತಕ್ಕೆ ಪಾರ್ಸೆಲ್ ಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ? ನಿಮ್ಮ ಬೀರುವಿನದು ಕೊನೆಯ ಪ್ರತಿಯೇ ಇರಬಹುದು. ಅಧ್ಯಕ್ಷರ ಸಂದೇಶ ಬೇಡ, ಹಿಂದಿನ ಜಾಹೀರಾತು ಪುಟ ತಿರುವಿ. ಯಾವ ಅಕ್ಕಿ ಗಿರಣಿ, ಯಾವ ಬಸ್ ಸರ್ವಿಸ್, ಯಾವ ಜವಳಿ ಅಂಗಡಿ, ಮೂರು ಅಂಕಿಯ ಫೋನ್ ನಂಬರು. ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥವಾದ ಗೆಜೆಟಿಯರ್ ಬರೆದವರಿಗೂ ಇಷ್ಟು ಸಿಕ್ಕಿರಲಿಲ್ಲ.

ಯಾರೂ ತೆಗೆಯುವುದಿಲ್ಲ ಎಂಬುದು ನಿಮ್ಮ ದೊಡ್ಡ ವಾದ. ಏನಿದೆ ಎಂದು ಪಟ್ಟಿಯೇ ಇಲ್ಲದಿದ್ದರೆ ಯಾರು ಕೇಳುತ್ತಾರೆ? ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟುಹೋದ ಓಲೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. 1905ರ ಆ ಸಂಗತಿಯನ್ನು ಎಲ್ಲರೂ ಪವಾಡದಂತೆ ಹೇಳುತ್ತಾರೆ. ಪವಾಡ ಏನಿಲ್ಲ. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ತಮ್ಮ ಕಪಾಟಿಗೆ ಬಂದದ್ದನ್ನು ಬಿಚ್ಚಿ ಓದಿದರು, 1909ರಲ್ಲಿ ಅಚ್ಚಿಗೆ ತಂದರು. ನಿಮ್ಮ ಕಟ್ಟಿನಲ್ಲಿ ಅರ್ಥಶಾಸ್ತ್ರ ಇಲ್ಲದಿರಬಹುದು, ಯಾರದೋ ಮನೆಯ ವೈದ್ಯವೋ ಜಮೀನಿನ ಲೆಕ್ಕವೋ ಇರಬಹುದು. ಗರಿಗಿಂತ ತುಸು ದೊಡ್ಡ ಮರದ ಹಲಗೆ ಎರಡು ಬದಿಗೂ ಕೊಟ್ಟು ಬಿಗಿಯಾಗಿ ಕಟ್ಟಿಡಿ, ಸಡಿಲವಾದರೆ ಗರಿ ಸೊಟ್ಟಗಾಗುತ್ತದೆ. ನೀರು ಮುಟ್ಟಿಸಬೇಡಿ. ಓದಬಲ್ಲವರನ್ನು ಕರೆಸಿ.

ಇನ್ನು ನಿಮ್ಮ ಸ್ಕ್ಯಾನ್. ಮಾಡಿ, ಖಂಡಿತ ಮಾಡಿ. ಆದರೆ ಮೊಬೈಲನ್ನು ಕೈಯಲ್ಲಿ ಹಿಡಿದಲ್ಲ. ಸ್ಟ್ಯಾಂಡಿಗೆ ಸಿಕ್ಕಿಸಿ ಕ್ಯಾಮೆರಾ ನೇರ ಕೆಳಗೆ ನೋಡುವಂತಿರಲಿ, ಎರಡೂ ಪಕ್ಕದಿಂದ ಸಮ ಬೆಳಕು ಬೀಳಲಿ. ಅಚ್ಚಿನ ಪುಟಕ್ಕೆ 300 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು, ಚಿಕ್ಕ ಫೋಟೊಗೆ 600 ಬೇಕು. ಬೈಂಡ್ ಆದ ಸಂಪುಟವನ್ನು ಜೆರಾಕ್ಸ್ ಮಷಿನ್ನಿನ ಗಾಜಿನ ಮೇಲೆ ಮಗುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಫೈಲಿಗೆ ಪತ್ರಿಕೆ, ವರ್ಷ, ತಿಂಗಳು, ದಿನ, ಪುಟ ಎಂದು ಹೆಸರಿಡಿ. ಕ್ಯಾಮೆರಾ ಕೊಟ್ಟ ನಂಬರಿನಲ್ಲೇ ಬಿಟ್ಟ ಸಾವಿರ ಫೈಲು ಇದ್ದೂ ಇಲ್ಲದ ಹಾಗೆ. ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಕಟ್ಟಡದಲ್ಲಿ ಇರಲಿ, ವರ್ಷಕ್ಕೊಮ್ಮೆ ತೆರೆದು ನೋಡಿ.

ಆದರೆ ಸ್ಕ್ಯಾನ್ ಆಯಿತು, ಕಾಗದ ರದ್ದಿಗೆ ಎಂದಿರೋ, ಕಾನೂನೇ ಕೈ ಹಿಡಿಯುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಇಟ್ಟುಕೊಳ್ಳಬಹುದು ಎನ್ನುತ್ತದೆ. ಷರತ್ತೇನು ಗೊತ್ತೆ? ಕಾಗದದ ಪ್ರತಿ ಆ ಗ್ರಂಥಾಲಯದಲ್ಲಿ ಇರಬೇಕು. ಅಂತರಜಾಲಕ್ಕೆ ಏರಿಸುವುದು ಬೇರೆಯೇ ಮಾತು. ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಒಪ್ಪಿಗೆ ಬೇಕು.

ಕಾಗದವನ್ನು ಕೆಡಿಸುವವರಲ್ಲಿ ಗೆದ್ದಲಿಗಿಂತ ಮುಂದೆ ನಿಲ್ಲುವವರು ಕಾಳಜಿ ಇರುವವರೇ. ಹರಿದ ಪತ್ರಿಕೆಗೆ ಸೆಲ್ಲೋಟೇಪ್ ಹಚ್ಚುತ್ತಾರೆ. ಕೆಲವೇ ವರ್ಷದಲ್ಲಿ ಪಟ್ಟಿ ಉದುರಿ, ಅಂಟು ಕಂದು ಕಲೆಯಾಗಿ ಅಕ್ಷರದೊಳಗೆ ಇಳಿದಿರುತ್ತದೆ. ಇನ್ನೂ ಕಾಳಜಿ ಹೆಚ್ಚಾದರೆ ಲ್ಯಾಮಿನೇಷನ್. ಬಿಸಿಯಲ್ಲಿ ಕರಗಿ ಹಿಡಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಕಾಗದದಲ್ಲಿರುವ ಹುಳಿ, ಅಂದರೆ ಆಮ್ಲ, ಒಳಗೇ ಕಾಗದವನ್ನು ತಿನ್ನುತ್ತದೆ. ಬೈಂಡರ್ ಬಳಿ ಒಯ್ದರೆ ಅಂಚು ಸಮ ಮಾಡಲೆಂದು ಕಟಿಂಗ್ ಮಷಿನ್ನಿಗೆ ಕೊಡುತ್ತಾನೆ, ನೆತ್ತಿಯ ಮೇಲಿನ ತಾರೀಖಿನ ಸಾಲು ಕಸದ ಬುಟ್ಟಿಗೆ. ‘ಕಟಿಂಗ್ ಬೇಡ’ ಎಂದು ಬರೆದೇ ಕೊಡಿ. ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯೂ ಬೇಡ. ಹುಳ ಬಾರದಿರಬಹುದು, ತಾಮ್ರ ಸೇರಿದ ಕಾಗದ ಮಾತ್ರ ಬೇಗ ಮುಪ್ಪಾಗುತ್ತದೆ.

ಖರ್ಚಿಲ್ಲದ ಕೆಲಸ ಬೇಕಷ್ಟಿದೆ. ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರ್ ಬ್ಯಾಂಡು ತೆಗೆಯಿರಿ. ಪತ್ರಿಕೆಯ ಮಡಿಕೆ ಬಿಡಿಸಿ ಮಟ್ಟಸವಾಗಿ ಮಲಗಿಸಿ, ಗೇಣಿಗಿಂತ ಎತ್ತರ ಪೇರಿಸಬೇಡಿ. ಬೀರು ಗೋಡೆಯಿಂದ ಅರ್ಧ ಅಡಿ ಈಚೆಗಿರಲಿ, ಕಾಲಿನ ಕೆಳಗೆ ಕಲ್ಲಿರಲಿ. ತೇವಾಂಶ ಶೇ 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಬೀರುವಿನ ಬಾಗಿಲು ತೆರೆದಿಡಿ, ಕಾಗದವನ್ನು ಮಾತ್ರ ಬಿಸಿಲಿಗೆ ಹಾಕಬೇಡಿ. ಹಸಿ ಬೇವಿನ ಸೊಪ್ಪು ತೇವವನ್ನು ತಾನೇ ಹೊತ್ತು ತರುತ್ತದೆ, ಬೇಡ.

ದುಡ್ಡಿಲ್ಲ ಎಂದು ಇಲಾಖೆಯವರು ಹೇಳಬಹುದು. 1965ರ ಗ್ರಂಥಾಲಯ ಕಾಯ್ದೆ ಕರವನ್ನೂ ಗೊತ್ತುಮಾಡಿದೆ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯಕ್ಕೆಂದು ನೀವೂ ನಾನೂ ಕಟ್ಟುತ್ತೇವೆ. ಕಟ್ಟಿಸಿಕೊಂಡ ಸ್ಥಳೀಯ ಸಂಸ್ಥೆಗಳು ಅದನ್ನು ಇಲಾಖೆಗೆ ದಾಟಿಸದೆ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಈ ನಾಡಿನ ಹಳೆಯ ರೋಗ. ಬಂದ ದುಡ್ಡಿನಲ್ಲೂ ಸಗಟು ಖರೀದಿಯ ಒಂದೇ ಪುಸ್ತಕ ಬೀದರಿಗೂ ಚಾಮರಾಜನಗರಕ್ಕೂ ಹೋಗುತ್ತದೆ, ಬೀದರಿನಲ್ಲಿ ಅಚ್ಚಾದ ಪುಸ್ತಿಕೆ ಬೀದರಿನ ಗ್ರಂಥಾಲಯದಲ್ಲೇ ಇರುವುದಿಲ್ಲ. ಊರಿನ ಸಂಘ, ಸಮಿತಿ, ಮಠ, ಸಹಕಾರಿ ಬ್ಯಾಂಕುಗಳೂ ಕಡಿಮೆಯೇನಿಲ್ಲ. ಬೆಳ್ಳಿಹಬ್ಬದ ಸಂಚಿಕೆಯನ್ನು ಶಾಸಕರಿಗೆ ಶಾಲು ಹೊದಿಸಿ ಕೊಡುತ್ತಾರೆ, ನೂರು ಹೆಜ್ಜೆ ಆಚೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಲು ನೆನಪಾಗುವುದಿಲ್ಲ.

ನಿಮಗೆ ಬಿಡುವಿದೆ, ಮೇಷ್ಟ್ರೇ, ಅಕ್ಷರವೂ ಚೆನ್ನಾಗಿದೆ, ಪತ್ರದಲ್ಲಿ ಕಂಡೆ. ಗ್ರಂಥಪಾಲಕರ ಒಪ್ಪಿಗೆ ಪಡೆದು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕ್ರಮಸಂಖ್ಯೆ, ಏನು, ಯಾವ ವರ್ಷ, ಯಾವ ಪ್ರೆಸ್, ಎಷ್ಟು ಪುಟ, ಯಾರು ಕೊಟ್ಟದ್ದು, ಯಾವ ಸ್ಥಿತಿಯಲ್ಲಿದೆ ಎಂದು ಗೆರೆ ಎಳೆಯಿರಿ. ಅದೇ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ವಸ್ತುವಿನ ಮೇಲೂ ಹಾಕಿ. ಫೋಟೊಗಳಿಂದಲೇ ಶುರು ಮಾಡಿ, ಹೆಸರು ಹೇಳುವವರು ಇನ್ನೂ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದಾರೆ. ಪಟ್ಟಿ ಮುಗಿದ ಮೇಲೆ ಒಂದು ಜೆರಾಕ್ಸ್ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.