ಬೈಪಾಸ್ ವೇಳೆ ತಂದೆಯವರ ಮಿದುಳಿನ ರಕ್ಷಣೆ ಕುರಿತು

ನಮಸ್ಕಾರ. 76 ವರ್ಷದ ನಿಮ್ಮ ತಂದೆಯವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದು, ಹೃದಯ ಸರಿಹೋದರೂ ಮಿದುಳಿಗೆ ಪೆಟ್ಟಾದೀತೇ ಎಂದು ಕೇಳಿದ್ದೀರಿ. ಈ ಆತಂಕ ಆಧಾರವಿಲ್ಲದ್ದಲ್ಲ.

ವಯಸ್ಸಾದವರ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಒಳಗೋಡೆಯಲ್ಲಿ ಕೊಬ್ಬು ಮತ್ತು ಕ್ಯಾಲ್ಸಿಯಂ ಗಟ್ಟಿಯಾಗಿ ಕೂತಿರುವುದುಂಟು. ಶಸ್ತ್ರಚಿಕಿತ್ಸೆಯ ವೇಳೆ ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಹೃದಯ-ಶ್ವಾಸಕೋಶ ಯಂತ್ರದ ಕೊಳವೆಯನ್ನು ಅಲ್ಲಿ ಸೇರಿಸುವಾಗ ಅಥವಾ ಕ್ಲ್ಯಾಂಪ್ ಹಾಕುವಾಗ ಅದರ ಚೂರುಗಳು ಕಳಚಿ, ರಕ್ತದೊಡನೆ ಮಿದುಳನ್ನು ಸೇರಿದರೆ ಪಾರ್ಶ್ವವಾಯು ಆಗಬಹುದು. ಎದೆ ತೆರೆದ ಮೇಲೆ ಮಹಾಪಧಮನಿಯ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು, ಕೊಬ್ಬಿಲ್ಲದ ಜಾಗವನ್ನು ಆರಿಸುವ ಕ್ರಮ ಅವರಲ್ಲಿದೆಯೇ ಎಂದು ಶಸ್ತ್ರವೈದ್ಯರನ್ನು ಕೇಳಿ. ನನ್ನ ದೃಷ್ಟಿಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಹಣೆಗೆ ಅಂಟಿಸುವ ಸೆನ್ಸರ್‌ಗಳ ಮೂಲಕ ಮಿದುಳಿನ ಆಮ್ಲಜನಕವನ್ನು ಗಮನಿಸುವುದು, ತಂಪಾಗಿಸಿದ ದೇಹವನ್ನು ನಿಧಾನವಾಗಿ ಬೆಚ್ಚಗಾಗಿಸಿ ಯಂತ್ರದಿಂದ ಬರುವ ರಕ್ತ 37 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುವುದು ಅರಿವಳಿಕೆ ಮತ್ತು ಯಂತ್ರ ನಿರ್ವಹಿಸುವ ತಂಡದ ಕೆಲಸ.

ಇನ್ನು ಐಸಿಯುನಲ್ಲಿ ಮೊದಲ ಕೆಲವು ದಿನ ಕಾಡುವ ಸನ್ನಿಯ, ಅಂದರೆ ಹಠಾತ್ತನೆ ಬರುವ ಮನಸ್ಸಿನ ಗೊಂದಲದ, ವಿಷಯ. ಅದು ಪಾರ್ಶ್ವವಾಯುವಿಗಿಂತ ಹೆಚ್ಚು ಸಾಮಾನ್ಯ, ಮತ್ತು ಇಲ್ಲಿ ಮನೆಯವರ ಪಾತ್ರ ನಿಜಕ್ಕೂ ದೊಡ್ಡದು. ತಂದೆಯವರ ಕನ್ನಡಕ ಮತ್ತು ಶ್ರವಣಯಂತ್ರವನ್ನು ಬೇಗ ಕೊಡಿಸಿ, ಹಗಲಿನಲ್ಲಿ ದಿನ, ಹೊತ್ತು, ಸ್ಥಳಗಳನ್ನು ಸಮಾಧಾನದಿಂದ ನೆನಪಿಸಿ, ರಾತ್ರಿ ನಿದ್ರೆ ಕೆಡದಂತೆ ಕೋರಿಕೊಳ್ಳಿ. ಮದ್ಯಪಾನ ಅಥವಾ ನಿದ್ರೆ ಮಾತ್ರೆಯ ಅಭ್ಯಾಸವಿದ್ದರೆ ಸಂಕೋಚವಿಲ್ಲದೆ ಈಗಲೇ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದನ್ನು ಸನ್ನಿಯೆಂದು ಭಾವಿಸದೆ ತಕ್ಷಣ ದಾದಿಯರನ್ನು ಕರೆಯಿರಿ.